ನಾನು ಚೆಕ್ ಮಾಡಿದ ಗಿಳಿ ತೊಟ್ಟಿಲು

ತಪ್ಪು ಹುಡುಕುವುದು ನನ್ನ ಕಸುಬು. ಬೇರೆಯವರು ಇದನ್ನು ಪುಕ್ಕಟೆಯಾಗಿ ಮಾಡುತ್ತಾರೆ, ನನಗೆ ಸಂಬಳ ಕೊಡುತ್ತಾರೆ. ಅಷ್ಟೇ ವ್ಯತ್ಯಾಸ!

ಹೊಸಪೇಟೆಯ ಒಂದು ಡ್ರಾಯಿಂಗ್ ಆಫೀಸಿನಲ್ಲಿ ನಾನು ಎಲ್ಲರಿಗಿಂತ ಹಳೆಯ ಡ್ರಾಫ್ಟ್ಸ್‌ಮನ್. ಸಂಡೂರಿನ ಗಣಿಗಳಿಗೆ ಕಬ್ಬಿಣದ ಮೆಟ್ಟಿಲು, ತೋರಣಗಲ್ಲಿನ ಗುತ್ತಿಗೆದಾರರಿಗೆ ಶೆಡ್ಡು, ಕಂಪ್ಲಿಯ ರೈಸ್‌ಮಿಲ್ಲುಗಳಿಗೆ ಭತ್ತ ಸುರಿಯುವ ತೊಟ್ಟಿ, ಹೀಗೆ ಸುತ್ತಮುತ್ತ ಯಾರಿಗೆ ಏನು ಬೇಕೋ ಅದರ ನಕ್ಷೆ ಬರೆದುಕೊಡುವುದು ನಮ್ಮ ಕೆಲಸ. ಮೊದಲು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಆಮೇಲೆ ಕಂಪ್ಯೂಟರಿನಲ್ಲಿ ಬರೆದೆ. ಈಗ ಎಐ ಬಂದಿದೆ. ಏನು ಬೇಕೆಂದು ಹೇಳಿದರೆ ಸಾಕು, ಅದು ಮ್ಯಾಕ್ರೋ ಬರೆದುಕೊಡುತ್ತದೆ. ಮ್ಯಾಕ್ರೋ ಎಂದ ಕೂಡಲೇ ಹೆದರಬೇಡಿ. ಕಂಪ್ಯೂಟರಿಗೆ ಒಪ್ಪಿಸುವ ಆಜ್ಞೆಗಳ ಸಾಲು ಅದು. ಇಲ್ಲೊಂದು ಗೆರೆ ಎಳಿ, ಅಲ್ಲೊಂದು ತೂತು ಹಾಕು, ಕೊನೆಯ ತನಕ ಹೀಗೇ ಮಾಡುತ್ತ ಹೋಗು ಎಂದು ಒಮ್ಮೆ ಬರೆದಿಟ್ಟರೆ, ನಾವು ಚಹಾ ಕುಡಿದು ಬರುವಷ್ಟರಲ್ಲಿ ನಕ್ಷೆ ತಯಾರಾಗಿರುತ್ತದೆ.

ಹಾಗಾದರೆ ನೀನು ಯಾಕೆ ಎಂದು ಕೇಳುತ್ತೀರಿ. ನಮ್ಮ ಇಂಜಿನಿಯರ್ ಸಾಹೇಬರೂ ನನ್ನನ್ನು ನೋಡಿದಾಗಲೆಲ್ಲ ಮನಸ್ಸಿನಲ್ಲಿ ಅದನ್ನೇ ಕೇಳಿಕೊಳ್ಳುತ್ತಾರೆ ಎಂದು ನನ್ನ ಅನುಮಾನ. ಆದರೆ ಎಐ ಬರೆದ ಮ್ಯಾಕ್ರೋವನ್ನು ಓಡಿಸುವ ಮೊದಲು ಒಬ್ಬ ಮನುಷ್ಯ ಅದನ್ನು ನೋಡಲೇಬೇಕು ಎಂಬ ನಿಯಮವನ್ನು ಅವರೇ ಮಾಡಿದ್ದಾರೆ. ಆ ಮನುಷ್ಯ ನಾನು!

ಸುಮ್ಮನೆ ಹೇಳುತ್ತಿಲ್ಲ, ಕೆಲಸದಲ್ಲಿ ನಾನು ಗಟ್ಟಿಗ. ಒಮ್ಮೆ ಸಂಡೂರಿನ ಗಣಿಯ ಮೆಟ್ಟಿಲಿಗೆ ಎರಡೂ ಕಡೆ ಹಿಡಿದುಕೊಳ್ಳುವ ಕಂಬಿ ಹಾಕು ಎಂದದ್ದಕ್ಕೆ, ಎಐ ಮೆಟ್ಟಿಲಿನ ಬುಡಕ್ಕೆ ಒಂದು, ತಲೆಗೆ ಒಂದು ಅಡ್ಡ ಹಾಕಿ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ಅದನ್ನು ಹಾಗೇ ಕಟ್ಟಿದ್ದರೆ ಗಣಿಯ ಕೆಲಸಗಾರರೆಲ್ಲ ಹೈಜಂಪ್ ಕಲಿಯಬೇಕಾಗುತ್ತಿತ್ತು. ಹಿಡಿದವನು ನಾನು. ಅವತ್ತಿನಿಂದ ನನ್ನ ತಲೆ ಸ್ವಲ್ಪ ಊದಿಕೊಂಡಿತು. ಆಫೀಸಿನ ಹೊಸಬರನ್ನು ಕೂರಿಸಿಕೊಂಡು ಪಾಠ ಶುರು ಮಾಡಿದೆ. ಮೊದಲು ನಕ್ಷೆಯ ನಕಲಿನ ಮೇಲೆ ಓಡಿಸಿ ನೋಡಬೇಕು, ಪರದೆಯ ಮೇಲೆ ಪೂರ್ತಿ ನಕ್ಷೆ ಕಾಣುವಂತೆ ಇಟ್ಟು ನೋಡಬೇಕು, ಒಂದು ತುಂಡನ್ನಾದರೂ ಕೈಯಿಂದ ಅಳೆದು ನೋಡಬೇಕು. ಪಾಪ, ಎಲ್ಲರೂ ತಲೆ ಅಲ್ಲಾಡಿಸುತ್ತಿದ್ದರು.

ಇಂಥ ನಾನು ನನ್ನ ಮೊಮ್ಮಗಳಿಗೆ ತೊಟ್ಟಿಲು ಮಾಡಿಸಿದ ಕಥೆ ಇದು.

ನನ್ನ ಮಗಳು ಲೀಲಾಳನ್ನು ಕಂಪ್ಲಿಗೆ ಕೊಟ್ಟಿದ್ದೇವೆ. ಬೀಗರದು ರೈಸ್‌ಮಿಲ್ಲು. ಚೊಚ್ಚಲ ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಅದೇನು ಅವಸರವೋ, ಇನ್ನೂ ದಿನ ತುಂಬುವ ಮೊದಲೇ ಬಂದುಬಿಟ್ಟಿತು. ಇಷ್ಟೇ ಇಷ್ಟು ಇತ್ತು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾವೆಲ್ಲ ಹೊರಗೆ ನಿಂತು ಗಾಜಿನ ಮೂಲಕ ನೋಡುತ್ತಿದ್ದೆವು. ದೇವರ ದಯೆ, ಗೆದ್ದು ಮನೆಗೆ ಬಂತು. ಆದರೆ ಲೀಲಾಳ ಹೆದರಿಕೆ ಮಾತ್ರ ಆಸ್ಪತ್ರೆಯಿಂದ ಅವಳ ಜೊತೆಗೇ ಬಂದಿತ್ತು. ಕೂಸನ್ನು ಕೆಳಗೆ ಮಲಗಿಸುವುದೇ ಇಲ್ಲ! ಹೆಗಲ ಮೇಲೆ ಹಾಕಿಕೊಂಡು ಕೂತೇ ಇರುತ್ತಿದ್ದಳು. ಕೂತಲ್ಲೇ ತೂಕಡಿಸುತ್ತಿದ್ದಳು. ನನ್ನ ಹೆಂಡತಿ ಗಿರಿಜಾ ಎಷ್ಟು ಹೇಳಿದರೂ ಕೇಳಲಿಲ್ಲ.

"ಹಾಸಿಗಿ ಚುಚ್ಚತೈತವ್ವಾ. ಅದರ ಮೈ ನೋಡು, ಹ್ಯಾಂಗ ಐತಿ," ಎನ್ನುತ್ತಿದ್ದಳು ಲೀಲಾ. ನಿಜವೇ. ಕೂಸಿನ ಚರ್ಮ ಈರುಳ್ಳಿಯ ಒಳಗಿನ ಪೊರೆಯ ಹಾಗಿತ್ತು. ಮುಟ್ಟಲು ನನಗೂ ಭಯ.

ಒಂದು ಮಧ್ಯಾಹ್ನ ಲೀಲಾ ನನ್ನನ್ನು ಕರೆದಳು. "ಅಪ್ಪಾ, ಒಂದು ತೊಟ್ಟಿಲ ಮಾಡ್ಸು. ನಾಕು ಮೂಲಿಗೆ ನಾಕು ಗಿಳಿ ಇರ್ಲಿ. ನೀನ ಮುಂದ ನಿಂತು ಮಾಡ್ಸಿದ್ದು ಅಂದ್ರ ನಾ ಧೈರ್ಯ ಮಾಡಿ ಮಲಗಸ್ತೀನಿ."

ಮಗಳು ಹೀಗೆ ಹೇಳಿದ ಮೇಲೆ ಯಾವ ಅಪ್ಪ ನೆಲದ ಮೇಲೆ ನಿಂತಾನು? ನಾನಂತೂ ತೇಲಿದೆ. ಅದೇ ಗಳಿಗೆಯಲ್ಲಿ ಕಂಪ್ಲಿಯಿಂದ ಬೀಗಿತಿ ಗೌರಮ್ಮನವರ ಫೋನು ಬಂತು.

"ಬೀಗ್ರೇ, ತವರುಮನಿಯಿಂದ ತೊಟ್ಟಿಲ ಬರೋದು ಪದ್ಧತಿ ಖರೆ. ಆದ್ರ ಕೂಸು ಜಲ್ದಿ ಬಂತು, ಆಸ್ಪತ್ರಿ ಓಡಾಟದಾಗ ನಿಮಗ ವ್ಯಾಳ್ಯಾ ಸಿಗಲಿಲ್ಲ. ನಮ್ಮ ಮನ್ಯಾಗ ಹಳೇ ತೊಟ್ಟಿಲ ಐತಿ, ನಿಮ್ಮ ಅಳಿಯ ಆಡಿದ್ದು. ಒರಸಿ ಕಳಸ್ಲೇನು?"

"ಛೇ ಛೇ, ಬ್ಯಾಡ್ರೀ ಅಕ್ಕಾರೇ!" ಎಂದೆ. "ನನ್ನ ಮೊಮ್ಮಗಳ ತೊಟ್ಟಿಲ ನಾನ ಡಿಸೈನ್ ಮಾಡ್ತೀನಿ. ಕಂಪ್ಯೂಟರಿನ್ಯಾಗ ಮಾಡ್ತೀನಿ. ಒಂದು ಕೂದಲೆಳೆ ಆಚೀಚೆ ಆಗಂಗಿಲ್ಲ, ನೋಡ್ತಾ ಇರ್ರಿ!"

ಗಿರಿಜಾ ಅಡುಗೆಮನೆಯಿಂದಲೇ, "ಆ ತೊಟ್ಟಿಲ ತರಿಸ್ಕೊಂಡಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ನಾನು ಕೇಳಿಸದವನಂತೆ ಇದ್ದೆ. ಮದುವೆಯಾದಾಗಿನಿಂದ ರೂಢಿ ಮಾಡಿಕೊಂಡ ವಿದ್ಯೆ ಅದು.

ನಮ್ಮಲ್ಲಿ ಕೂಸು ಹುಟ್ಟುವ ಮೊದಲು ತೊಟ್ಟಿಲು ಮಾಡಿಸುವಂತಿಲ್ಲ. ಹುಟ್ಟಿದ ಮೇಲೂ ಹೆಸರಿಡುವ ದಿನದವರೆಗೆ ಮನೆಗೆ ತರುವಂತಿಲ್ಲ, ಖಾಲಿ ತೊಟ್ಟಿಲು ಮನೆಯಲ್ಲಿ ಇರಬಾರದು, ತೂಗಲಂತೂ ಬಾರದು. ಅಯ್ಯನವರು ಹೆಸರಿಡಲು ದಿನ ತೆಗೆದುಕೊಟ್ಟಾಗ ಉಳಿದದ್ದು ಸ್ವಲ್ಪವೇ ಸಮಯ. ಬಡಿಗರನ್ನು ಹುಡುಕಿಕೊಂಡು ಹೋಗುವ ಬದಲು ಕಂಪ್ಯೂಟರ್ ನೋಡಿಕೊಂಡು ಕಟ್ಟಿಗೆ ಕೊಯ್ಯುವ ಮಷಿನ್ ಇಟ್ಟಿದ್ದ ಮೆಹಬೂಬನ ಹತ್ತಿರ ಕೊಯ್ಯಿಸುವುದು, ಹೆಸರಿಡುವ ದಿನ ಬೆಳಿಗ್ಗೆ ತುಂಡುಗಳನ್ನು ತರಿಸಿ ಅರ್ಧ ಗಂಟೆಯಲ್ಲಿ ಜೋಡಿಸುವುದು, ಸಂಜೆಗೆ ಕಾರ್ಯಕ್ರಮ! ಇದು ನನ್ನ ಯೋಜನೆ. ಕೇಳಲು ಎಷ್ಟು ಚೆಂದ!

ಮನೆಯಲ್ಲೇ ಕಂಪ್ಯೂಟರ್ ತೆರೆದು ಕೂತೆ. ಗಿಳಿಯನ್ನು ಮಾತ್ರ ನಾನೇ ಬಿಡಿಸಿದೆ. ಕೊಕ್ಕು, ಬಾಲ, ಉಬ್ಬಿದ ಹೊಟ್ಟೆ, ಎಲ್ಲಾ ಪ್ರೀತಿಯಿಂದ. ಆಮೇಲೆ ಎಐಗೆ ಅಳತೆ ಕೊಟ್ಟು ಹೇಳಿದೆ: ಕಟ್ಟಿಗೆಯ ಪಟ್ಟಿಗಳಿಂದ ತೊಟ್ಟಿಲು ಬಿಡಿಸಲು ಒಂದು ಮ್ಯಾಕ್ರೋ ಬರೆ, ಎಲ್ಲ ಮೂಲೆಗಳಲ್ಲೂ ಈ ಗಿಳಿಯನ್ನು ಕೂರಿಸು.

ಕಣ್ಣು ಮಿಟುಕಿಸುವಷ್ಟರಲ್ಲಿ ಮ್ಯಾಕ್ರೋ ಬಂತು. ಕೆಳಗೆ ಒಂದು ವಿನಯದ ಮಾತೂ ಇತ್ತು. 'ದಯವಿಟ್ಟು ಮೊದಲು ನಕಲಿನ ಮೇಲೆ ಓಡಿಸಿ ನೋಡಿ. ಕೊಯ್ಯುವ ಮುನ್ನ ಮಾನವ ಪರಿಶೀಲನೆ ಅಗತ್ಯ.'

"ಏನದು ಕೆಳಗ ಬರದದ್ದು?" ಎಂದಳು ಗಿರಿಜಾ.

"ಮನುಷ್ಯರು ಯಾರಾದ್ರೂ ಒಮ್ಮೆ ನೋಡಬೇಕಂತ."

"ಮತ್ತ ನೋಡ್ರಿ."

"ಲೇ, ಊರ ಮಂದಿ ಮ್ಯಾಕ್ರೋ ನೋಡೋನು ನಾನು. ಇದು ಮನಿ ತೊಟ್ಟಿಲ. ಇದರಾಗ ನೋಡೋದೇನೈತಿ?" ಎಂದು ಓಡಿಸಿಯೇಬಿಟ್ಟೆ.

ನಾನು ಪೂರ್ತಿ ನಕ್ಷೆ ನೋಡಲಿಲ್ಲವೆ ಎಂದರೆ, ನೋಡಲಿಲ್ಲ. ಒಂದು ಮೂಲೆಯನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡಿದೆ. ನನ್ನ ಗಿಳಿ ಅಲ್ಲಿ ರಾಜಠೀವಿಯಿಂದ ಕೂತಿತ್ತು. "ಲೀಲಾ, ಬಾರವ್ವಾ ಇಲ್ಲಿ!" ಎಂದು ಕೂಗಿದೆ. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತಳು. ಗಿಳಿಯನ್ನು ನೋಡಿದಳು. ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಭಾಳ ಚಂದ ಐತಪ್ಪಾ," ಎಂದಳು. ನನ್ನ ಕಣ್ಣು ಮಂಜಾಯಿತು. ಆ ಹೊತ್ತಿನಲ್ಲಿ ಪರದೆಯ ಮೇಲೆ ಒಂದು ಸೂಚನೆ ಬಂದಿತ್ತು. 'ಗಿಳಿಗಳ ಸಂಖ್ಯೆ ನಿಮ್ಮ ನಿರೀಕ್ಷೆಗಿಂತ ಹೆಚ್ಚಿರಬಹುದು. ಮುಂದುವರಿಯಲೇ?' ಎಂದು. ನನ್ನ ಒಂದು ಕೈ ಕೂಸಿನ ಪಾದದ ಮೇಲಿತ್ತು. ಇನ್ನೊಂದು ಕೈಯಿಂದ 'ಹೌದು' ಒತ್ತಿದೆ. ನಕ್ಷೆ ಮೆಹಬೂಬನಿಗೆ ಹೋಯಿತು.

ಮರುದಿನ ಮೆಹಬೂಬ್ ಫೋನು ಮಾಡಿದ.

"ಸರ್ರ, ಗಿಳಿ ಭಾಳ ಅದಾವ್ರಿ."

"ಗಿಳಿ ತೊಟ್ಟಿಲಪ್ಪಾ ಅದು. ಗಿಳಿ ಇರಲಾರದ ಏನ್ ಕಾಗಿ ಇರ್ತಾವೇನು?"

"ಹಂಗಲ್ರಿ ಸರ್ರ, ಹಲಗಿ ಸಾಲವಲ್ದು."

"ಇನ್ನೊಂದು ಹಲಗಿ ತಗೋ. ನಕ್ಷೆದಾಗ ಹ್ಯಾಂಗ ಐತಿ ಹಂಗ ಕೊಯ್ಯಿ, ನೀ ಬುದ್ಧಿ ಓಡಸಾಕ ಹೋಗಬ್ಯಾಡ. ಅದು ಚೆಕ್ ಆಗಿರೋ ನಕ್ಷೆ."

"ಯಾರ್ರಿ ಚೆಕ್ ಮಾಡಿದೋರು?"

"ನಾನ!"

"ಆತ್ರಿ ಸರ್ರ," ಎಂದ. ಸತ್ತವರ ಮನೆಗೆ ಮಾತಾಡಿಸಲು ಬಂದವರ ದನಿ ಅದು. ನನಗೆ ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೆಸರಿಡುವ ದಿನ ಬಂತು. ಬೆಳಿಗ್ಗೆ ಮನೆ ಮುಂದೆ ಲಗೇಜ್ ಆಟೋ ನಿಂತಿತು. ತೊಟ್ಟಿಲಿನ ತುಂಡುಗಳು ಒಂದು ಚಿಕ್ಕ ಕಟ್ಟಿನಲ್ಲಿ ಬರುತ್ತವೆ ಎಂದುಕೊಂಡಿದ್ದೆ. ಮೂಟೆಗಳು ಇಳಿಯತೊಡಗಿದವು! ಒಂದು ಮೂಟೆಯ ಬಾಯಿಂದ ಹತ್ತಾರು ಕೊಕ್ಕುಗಳು ಹೊರಗೆ ಇಣುಕುತ್ತಿದ್ದವು.

ಅಂಗಳದಲ್ಲಿ ಸುರುವಿದೆ. ಏನು ಹೇಳಲಿ! ಮ್ಯಾಕ್ರೋ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. ಎಲ್ಲ ಮೂಲೆ ಎಂದಿದ್ದೆನಲ್ಲ, ನಕ್ಷೆಯಲ್ಲಿದ್ದ ಎಲ್ಲ ಮೂಲೆಗಳನ್ನೂ ಹುಡುಕಿ ಹುಡುಕಿ ಗಿಳಿ ಕೂರಿಸಿತ್ತು. ಒಂದು ಪಟ್ಟಿ ಎಂದರೆ ಅದಕ್ಕೆ ನಾಲ್ಕು ಮೂಲೆ. ತೊಟ್ಟಿಲಿನ ಪಕ್ಕಗಳಲ್ಲಿ ಸಾಲು ಸಾಲು ಪಟ್ಟಿ, ಕೂಸು ಮಲಗುವ ತಳದಲ್ಲೂ ಪಟ್ಟಿ. ಒಂದೊಂದರ ಮೇಲೂ ನಾಲ್ಕು ಗಿಳಿ! ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ಪಟ್ಟಿಯ ತುದಿ ಚೌಕಟ್ಟಿನ ಕಚ್ಚಿನೊಳಗೆ ಕೂರಬೇಕು, ಗಿಳಿಯ ಹೊಟ್ಟೆ ಅಡ್ಡ. ತಿರುಗಿಸಿ ಹಿಡಿದರೆ ಬಾಲ ಅಡ್ಡ. ಹೇಗೋ ಒಂದನ್ನು ತುರುಕಿದರೆ ಕೊಕ್ಕುಗಳೆಲ್ಲ ಒಳಮುಖವಾಗಿ, ಕೂಸು ಮಲಗುವ ಜಾಗಕ್ಕೆ ಗುರಿಯಿಟ್ಟು ನಿಂತವು.

ಪಕ್ಕದ ಮನೆಯ ಪಂಪಣ್ಣ ಕಾಂಪೌಂಡಿನ ಮೇಲೆ ಕತ್ತು ಚಾಚಿದ. ನಿವೃತ್ತ ಬಸ್ ಕಂಡಕ್ಟರ್. ಅವನ ದನಿ ಇನ್ನೂ ನಿವೃತ್ತಿಯಾಗಿಲ್ಲ.

"ಏನ್ ಗುರುವೇ, ಪಟ್ಟಿಗೆ ನಾಕು ಸೀಟು, ಎಲ್ಲಾ ಫುಲ್! ಹಂಪಿ ಗುಡಿಗೆ ಹೋಗೋ ಗಿಳಿ ಎಲ್ಲಾ ನಿಮ್ಮನಿ ಸ್ಟಾಪಿನ್ಯಾಗ ಇಳದಾವಲ್ಲೋ!"

ಅವನ ಮಾತು ಓಣಿಯ ತುದಿಗೂ ಮುಟ್ಟಿತು. ಗಿರಿಜಾ ಹೊರಗೆ ಬಂದಳು. ಅಂಗಳ ನೋಡಿದಳು. ನನ್ನನ್ನು ನೋಡಿದಳು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. "ಗಣಪತಿ ಮಾಡಂದ್ರ ಅವರಪ್ಪನ್ನ ಮಾಡಿದ್ರಿ," ಎಂದಷ್ಟೇ ಹೇಳಿ, "ಲೀಲಾ ಇದನ್ನ ನೋಡಬಾರ್ದು. ಸಂಜಿಗೆ ಕೂಸನ್ನ ಎದರಾಗ ಮಲಗಿಸಬೇಕ್ರಿ?" ಎಂದಳು. ನನಗೆ ಆಗ ನಿಜವಾಗಿ ಭಯವಾಯಿತು. ಮರ್ಯಾದೆ ಹೋದರೆ ಹೋಗಲಿ, ಅದು ನನ್ನ ಹತ್ತಿರ ಬಂದು ಹೋಗಿ ಮಾಡುತ್ತಲೇ ಇರುತ್ತದೆ. ಆದರೆ ನೀನು ಮಾಡಿಸಿದ್ದು ಅಂದರೆ ಧೈರ್ಯ ಎಂದಿದ್ದಳಲ್ಲ ನನ್ನ ಮಗಳು!

ನಾನು ತಕ್ಷಣ ಕಾರ್ಯೋನ್ಮುಖನಾದೆ. ಅಂದರೆ, ಮತ್ತೆ ಕಂಪ್ಯೂಟರ್ ಮುಂದೆ ಹೋಗಿ ಕೂತೆ! ಎಐಗೆ ನಡೆದದ್ದನ್ನೆಲ್ಲ ಹೇಳಿಕೊಂಡೆ. ಅದು ಬಹಳ ಮರ್ಯಾದೆಯಿಂದ ಕ್ಷಮೆ ಕೇಳಿ, ಹೊರಗಿನ ನಾಲ್ಕು ಮೂಲೆಗಳಲ್ಲಿ ಮಾತ್ರ ಗಿಳಿ ಕೂರಿಸುವ ಹೊಸ ಮ್ಯಾಕ್ರೋ ಬರೆದುಕೊಟ್ಟಿತು. ಈ ಸಲ ಮೋಸ ಹೋಗಬಾರದೆಂದು ಒಂದೊಂದು ಸಾಲಿಗೂ ಬೆರಳಿಟ್ಟು ಓದಿದೆ. ನಕಲಿನ ಮೇಲೆ ಓಡಿಸಿದೆ. ಪೂರ್ತಿ ನಕ್ಷೆ ನೋಡಿದೆ. ಗಿಳಿ ಎಣಿಸಿದೆ, ನಾಲ್ಕೇ! ಹಿಂದಿನಿಂದಲೂ ಎಣಿಸಿದೆ, ನಾಲ್ಕೇ! ಇಂಥ ನಿಷ್ಕಳಂಕ ಪರಿಶೀಲನೆಯನ್ನು ನಮ್ಮ ಆಫೀಸು ಈವರೆಗೆ ಕಂಡಿರಲಿಲ್ಲ.

ಗಿರಿಜಾ ಬಂದು ಬಾಗಿಲಲ್ಲಿ ನಿಂತಳು. "ಕಟ್ಟಿಗಿ ಕೊಯ್ದಾಗೈತಿ. ಈಗ ಆ ಡಬ್ಬಿ ಮುಂದ ಕುಂತು ಏನ್ ಚೆಕ್ ಮಾಡಾಕತ್ತೀರಿ?"

ಅದೂ ಹೌದಲ್ಲ! ಮೆಹಬೂಬನಿಗೆ ಫೋನು ಮಾಡಿದರೆ, ಮಷಿನ್ ಮುಂದೆ ಮದುವೆ ಮಂಟಪದ ಕೆಲಸ ಕೂತಿದೆ, ನಾಳೆ ತನಕ ಬಿಡುವಿಲ್ಲ ಎಂದ. ಕಂಪ್ಲಿಯ ಹಳೇ ತೊಟ್ಟಿಲು ನೆನಪಾಯಿತು. ನಾಚಿಕೆ ನುಂಗಿ ಬೀಗರಿಗೆ ಫೋನು ಹಚ್ಚಿದೆ. ಗಂಟೆಯ ಸದ್ದು ಎರಡು ಕಡೆ ಕೇಳಿಸಿತು. ಒಂದು ಫೋನಿನಲ್ಲಿ, ಇನ್ನೊಂದು ನಮ್ಮ ಬಾಗಿಲಲ್ಲಿ. ಬೀಗರು ಚೆನ್ನಬಸಪ್ಪನವರು ರೇಷ್ಮೆ ಅಂಗಿ ತೊಟ್ಟು, ಗೌರಮ್ಮನವರ ಜೊತೆ, ನಗುನಗುತ್ತ ಜೀಪಿನಿಂದ ಇಳಿಯುತ್ತಿದ್ದರು. "ಮೊಮ್ಮಗಳ ಕೆಲಸ, ಮನ್ಯಾಗ ಕುಂತು ಏನ್ ಮಾಡೋದಂತ ಬೆಳಿಗ್ಗೇನ ಬಂದ್ವಿ!" ಎಂದರು. ಆಮೇಲೆ ಅವರ ಕಣ್ಣು ಅಂಗಳದ ಮೇಲೆ ಬಿತ್ತು.

ನಾನು ವಿವರಿಸಲು ಶುರು ಮಾಡಿದೆ. ಮ್ಯಾಕ್ರೋ ಎಂದರೇನು, ಮೂಲೆ ಎಂದರೇನು, ಯಂತ್ರಕ್ಕೂ ಮನುಷ್ಯನಿಗೂ ಇರುವ ತಿಳುವಳಿಕೆಯ ಅಂತರವೇನು. ಬೀಗರು ಶಾಂತವಾಗಿ ಕೇಳಿ, "ಗರಗಸ ಐತೇನ್ರಿ?" ಎಂದರು.

ಪಂಪಣ್ಣ ತನ್ನ ಮನೆಯಿಂದ ಒಂದು ತಂದ. ಎದುರು ಮನೆಯವರು ಒಂದು ಕೊಟ್ಟರು. ಬೀಗರು ರೇಷ್ಮೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಬನಿಯನ್ನಿನಲ್ಲಿ ಕೂತರು. ನಾನು ತುಂಡುಗಳನ್ನು ಎತ್ತಿ ಕೊಡುತ್ತ, "ಬೀಗ್ರೇ, ಗಿಳಿ ಎಲ್ಲಾ ಕೊಯ್ದು ಹಾಕಿಬಿಡ್ರಿ," ಎಂದೆ. ಪರಪರ ಸದ್ದಿನಲ್ಲಿ ಗಿಳಿಗಳು ಉದುರತೊಡಗಿದವು. ಉದುರಿದ ಗಿಳಿಗಳಿಗೆ ಓಣಿಯ ಮಕ್ಕಳ ಮುತ್ತಿಗೆ. ಗಂಡಸರೆಲ್ಲ ಕೊಯ್ದರು, ಹೆಂಗಸರು ಉಪ್ಪುಕಾಗದದಿಂದ ಉಜ್ಜಿದರು. ಗೌರಮ್ಮನವರು ಒಂದು ಮಾತಾದರೂ ಆಡಿ ತೋರಿಸಬಹುದಿತ್ತು. ನಮ್ಮ ತೊಟ್ಟಿಲ ಬ್ಯಾಡ ಅಂದ್ರಲ್ಲ ಎಂದು ಅನ್ನಬಹುದಿತ್ತು. ಅವರು ಸೆರಗು ಸಿಗಿಸಿಕೊಂಡು ಗಿರಿಜಾಳ ಪಕ್ಕ ಕೂತು ಉಜ್ಜಿದರೇ ಹೊರತು ಒಂದು ಚಕಾರ ಎತ್ತಲಿಲ್ಲ. ಅವರ ಆ ದೊಡ್ಡತನ ಕಂಡು ನನ್ನ ಹೊಟ್ಟೆ ತಣ್ಣಗಾಯಿತು.

ಎಲ್ಲಾ ಮುಗಿಯಿತು. ತುಂಡುಗಳನ್ನು ಜೋಡಿಸಿದೆವು. ಪಟ್ಟಿಗಳು ಕಚ್ಚಿನಲ್ಲಿ ಗಟ್ಟಿಯಾಗಿ ಕೂತವು. ತೊಟ್ಟಿಲು ಎದ್ದು ನಿಂತಿತು. ಏನೋ ಕಡಿಮೆ ಅನ್ನಿಸಿತು. ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದೆ.

"ಬೀಗ್ರೇ, ಆ ನಾಕು ಮೂಲಿ ಗಿಳಿ ಎಲ್ಲಿ?"

"ಕೊಯ್ದೆ!" ಎಂದರು ಬೀಗರು ಬೆವರು ಒರೆಸಿಕೊಳ್ಳುತ್ತ. "ನೀವ ಹೇಳಿದ್ರಲ್ರಿ, ಎಲ್ಲಾ ಕೊಯ್ರಿ ಅಂತ?"

ಗಿರಿಜಾ ಉಪ್ಪುಕಾಗದ ಕೆಳಗಿಟ್ಟು ನನ್ನ ಮುಖ ನೋಡಿದಳು. "ಆ ಎಐಗೂ ಹಿಂಗ ಹೇಳಿದ್ರಿ, ಹೌದಿಲ್ಲೋ?"

ಪಂಪಣ್ಣ ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಆ ಗದ್ದಲಕ್ಕೆ ಲೀಲಾ ಒಳಗಿನಿಂದ ಎದ್ದು ಬಂದಳು, ಹೆಗಲ ಮೇಲೆ ಕೂಸು. ಬನಿಯನ್ನಿನಲ್ಲಿ ಮಾವ, ತಲೆಯೆಲ್ಲ ಕಟ್ಟಿಗೆ ಪುಡಿಯಾದ ಅತ್ತೆ, ಅಂಗಳದ ತುಂಬ ತುಂಡು ಗಿಳಿ, ನಡುವೆ ಒಂದೂ ಗಿಳಿಯಿಲ್ಲದ ತೊಟ್ಟಿಲು, ಅದರ ಪಕ್ಕ ತಲೆ ತಗ್ಗಿಸಿ ನಿಂತ ಅಪ್ಪ. ನಡೆದದ್ದನ್ನು ಪಂಪಣ್ಣನೇ ಅಭಿನಯ ಸಮೇತ ಹೇಳಿದ. ಲೀಲಾ ಕೂಸನ್ನು ಅಪ್ಪಿಕೊಂಡು ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಹೆಗಲ ಮೇಲೆ ಕೂಸೂ ಕುಲುಕಿತು. ಮಗಳ ಆ ನಗು ಕೇಳಿ, ಇಷ್ಟು ಗಿಳಿ ಕೂರಿಸಿದ್ದು ಸಾರ್ಥಕವಾಯಿತು ಅನ್ನಿಸಿತು.

ಮಕ್ಕಳ ಕೈಯಿಂದ ಒಳ್ಳೆಯ ನಾಲ್ಕು ಗಿಳಿಗಳನ್ನು ಅವಳೇ ಆರಿಸಿಕೊಂಡಳು. ಗೌರಮ್ಮನವರು ಅವುಗಳ ಕೊರಳಿಗೆ ಕೆಂಪು ದಾರ ಹಾಕಿ, ಕೂಸಿನ ಕೈಗೆ ಎಟುಕದಂತೆ ಎತ್ತರಕ್ಕೆ, ತೊಟ್ಟಿಲು ತೂಗುಹಾಕುವ ಸರಪಳಿಗೆ ಕಟ್ಟಿದರು.

ಆಮೇಲೆ ಲೀಲಾ ನಗು ನಿಲ್ಲಿಸಿ, ತೊಟ್ಟಿಲನ್ನು ನೋಡುತ್ತ ಮೆಲ್ಲಗೆ ಕೇಳಿದಳು. "ಅಪ್ಪಾ, ಇದರಾಗ ಮಲಗಿಸಬೌದಾ? ಚುಚ್ಚಂಗಿಲ್ಲಲ್ಲ?"

ಎಲ್ಲರ ಕಣ್ಣೂ ನನ್ನ ಮೇಲೆ. ಇಷ್ಟು ವರ್ಷ ಎಷ್ಟು ನಕ್ಷೆಗಳಿಗೆ ಸರಿ ಇದೆ ಎಂದು ಸಹಿ ಮಾಡಿಲ್ಲ ನಾನು! ಆ ಒಂದು ಮಾತು ಹೇಳಲು ನಾಲಿಗೆ ಏಳಲಿಲ್ಲ. ಅಂಗೈಯಿಂದ ಪಟ್ಟಿಗಳನ್ನು ಸವರಿ ನೋಡಿದೆ. ನುಣುಪಾಗಿಯೇ ಇತ್ತು.

"ಕೈಗೆ ಏನ್ ತಿಳೀತೈತ್ರಿ ಬೀಗ್ರೇ," ಎಂದರು ಗೌರಮ್ಮನವರು. "ನಮ್ಮ ಕೈ ರೊಟ್ಟಿ ಬಡದು ಬಡದು ದಡ್ಡುಗಟ್ಟ್ಯಾವ. ಕೂಸಿನ ಮೈಗೆ ಹತ್ತೋದು ತಿಳೀಬೇಕಂದ್ರ ಕೆನ್ನಿ ಹಚ್ಚಿ ನೋಡಬೇಕು."

ಹೀಗೆ ಹೇಳಿ ಅವರು ಮಂಡಿಯೂರಿ ಕೂತು, ತೊಟ್ಟಿಲೊಳಗೆ ತಲೆ ಹಾಕಿ, ಮೊದಲ ಪಟ್ಟಿಗೆ ಕೆನ್ನೆ ಇಟ್ಟರು. ಮೇಲಿನಿಂದ ಕೆಳಗಿನ ತನಕ ಮೆಲ್ಲಗೆ ಒರೆಸಿದರು. ಆ ಕಡೆಯಿಂದ ಗಿರಿಜಾ ಕೂತಳು. ಇಬ್ಬರು ಅಜ್ಜಿಯರು ಎರಡು ಕಡೆಯಿಂದ ಒಂದೊಂದೇ ಪಟ್ಟಿಗೆ ಕೆನ್ನೆ ಸವರುತ್ತ ಬಂದರು. ಒರಟು ಕಂಡಲ್ಲಿ ನಿಲ್ಲುವುದು, ಉಜ್ಜುವುದು, ಮತ್ತೆ ಕೆನ್ನೆ ಇಡುವುದು. ಯಾರೂ ಮಾತಾಡಲಿಲ್ಲ. ಪಂಪಣ್ಣ ಕೂಡ! ನನ್ನ ಕಸುಬನ್ನು ಯಾರಾದರೂ ಇಷ್ಟು ಪ್ರೀತಿಯಿಂದ ಮಾಡಿದ್ದನ್ನು ನಾನು ಕಂಡದ್ದು ಅವತ್ತೇ.

"ಎಲ್ಲಾ ಬೆಣ್ಣಿ ಆಗೈತಿ," ಎಂದರು ಗೌರಮ್ಮನವರು ಕೊನೆಗೆ. "ನೀವೂ ಒಂದು ಸಲ ನೋಡಿಬಿಡ್ರಿ ಬೀಗ್ರೇ. ನಿಮ್ಮ ಕೆಲಸ ಅಲ್ಲೇನು ಅದು?"

ಮರ್ಯಾದೆಗೆ ಕರೆದರು ಎಂದು ತಿಳಿಯದಷ್ಟು ದಡ್ಡನಲ್ಲ ನಾನು. ಆದರೂ 'ಆಗಲಿ' ಎಂದು ಕನ್ನಡಕ ತೆಗೆದಿಟ್ಟು ಗಂಭೀರವಾಗಿ ಕೂತೆ. ಮಂಡಿ ಕಟಕ್ಕೆಂದಿತು. ಪಟ್ಟಿಗಳಿಗೆಲ್ಲ ಕೆನ್ನೆ ಸವರಿದೆ. ಸರಿಯಿತ್ತು. ತಳದ ಪಟ್ಟಿಗಳ ಅಂಚಿಗೆ, ಕೂಸಿನ ತಲೆ ಬರುವ ಜಾಗಕ್ಕೆ, ಬಗ್ಗಿ ಇನ್ನೊಂದು ಸಲ ಕೆನ್ನೆ ಇಟ್ಟು ಎಳೆದೆ.

"ಅಯ್ಯಯ್ಯಪ್ಪೋ!"

ಒಂದು ಸಿಬಿರು! ಉಳಿದಿದ್ದ ಒಂದೇ ಒಂದು ಸಿಬಿರು, ನೆಟ್ಟಗೆ ನನ್ನ ಕೆನ್ನೆಯೊಳಗೆ ಹೋಗಿ ಕೂತಿತ್ತು. ಎಲ್ಲರೂ ಗಾಬರಿಯಾಗಿ ಓಡಿ ಬಂದರು, ನನ್ನ ಹತ್ತಿರಕ್ಕಲ್ಲ, ತೊಟ್ಟಿಲಿನ ಹತ್ತಿರಕ್ಕೆ. "ಎಲ್ಲಿ? ಯಾವ ಪಟ್ಟಿ? ತಲಿ ಬರೋ ಕಡೆನ ಐತಲ್ಲೋ ಶಿವನೇ!" ಎಂದು ಆ ಪಟ್ಟಿಯನ್ನು ಉಜ್ಜಿದ್ದೇ ಉಜ್ಜಿದ್ದು. ಬೀಗರೂ ಕೆನ್ನೆ ಇಟ್ಟು ನೋಡಿದರು. ಪಂಪಣ್ಣನೂ ಇಟ್ಟ. ಪಟ್ಟಿ ಸರಿಯಾಯಿತು ಎಂದು ಎಲ್ಲರಿಗೂ ಸಮಾಧಾನವಾದ ಮೇಲೆಯೇ ಗಿರಿಜಾಳಿಗೆ ನನ್ನ ನೆನಪಾದದ್ದು. ಸೆರಗಿನ ಪಿನ್ನು ಬಿಚ್ಚಿ, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಅಲ್ಲಾಡಬ್ಯಾಡ್ರಿ," ಎಂದು ಸಿಬಿರು ತೆಗೆದಳು. ಅಲ್ಲಿಗೆ ಅರಿಶಿನ ಮೆತ್ತಿದಳು. ಮೆತ್ತುವಾಗ ಅವಳ ಕಣ್ಣು ತುಂಬಿದ್ದನ್ನು ನೋಡಿದೆ. "ಕೂಸಿಗೆ ಹತ್ತಿದ್ರ ಏನ್ ಗತಿ ಇತ್ರಿ," ಎಂದು ಪಿಸುಗುಟ್ಟಿದಳು.

ಸಂಜೆ ತೊಟ್ಟಿಲನ್ನು ತೊಲೆಗೆ ತೂಗುಹಾಕಿ ದೀಪ ಹಚ್ಚಿದರು. ಪದ್ಧತಿಯಂತೆ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ತೊಟ್ಟಿಲಿನ ಕೆಳಗಿನಿಂದ ಒಬ್ಬರು ಕೊಟ್ಟು, ಮೇಲಿನಿಂದ ಒಬ್ಬರು ತಗೊಂಡು, ಅದನ್ನು ಮಲಗಿಸಿದರು. ನಮ್ಮ ಹಿರಿಯರು ತೂಕದ ಪರೀಕ್ಷೆಯನ್ನು ಶಾಸ್ತ್ರದೊಳಗೇ ಸೇರಿಸಿಟ್ಟಿದ್ದಾರೆ! ಕಲ್ಲು ಸುಖವಾಗಿ ಮಲಗಿತು. ಆಮೇಲೆ ಲೀಲಾ ಕೂಸನ್ನು ಹೆಗಲಿನಿಂದ ಇಳಿಸಿದಳು. ಬಗ್ಗಿದಳು. ಒಂದು ಗಳಿಗೆ ಹಾಗೇ ನಿಂತಳು. ನನ್ನ ಅರಿಶಿನದ ಕೆನ್ನೆಯನ್ನು ಒಮ್ಮೆ ನೋಡಿದಳು. ಕೂಸನ್ನು ಮಲಗಿಸಿ, ಎರಡೂ ಕೈ ತೆಗೆದಳು.

ಕೂಸು ಒಮ್ಮೆ ಮೈ ಮುರಿದು, ಬಾಯಿ ಚಪ್ಪರಿಸಿ, ನಿದ್ದೆ ಹೋಯಿತು. ಕಿವಿಯಲ್ಲಿ ತುಂಗಾ ಎಂದು ಹೆಸರು ಹೇಳಿದಾಗಲೂ ಏಳಲಿಲ್ಲ. ಆ ಸಂಜೆ ಲೀಲಾ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು, ಎರಡೂ ಕೈ ಖಾಲಿ ಇಟ್ಟುಕೊಂಡು, ಹೋಳಿಗೆ ಉಂಡಳು.

ಈಗ ಕಾರ್ಯಕ್ರಮದ ಆಲ್ಬಂ ಬಂದಿದೆ. ಪ್ರತಿ ಫೋಟೋದಲ್ಲೂ ನಾನಿದ್ದೇನೆ, ಒಂದು ಕೆನ್ನೆ ಹಳದಿ, ಒಂದು ಕೆನ್ನೆ ಮಾಮೂಲಿ. ಮನೆಗೆ ಬಂದವರು ಕೂಸು ಎಷ್ಟು ಚೆಂದ ಎನ್ನುವ ಮೊದಲು, ಅಜ್ಜನ ಕೆನ್ನೆಗೆ ಏನಾಗಿದೆ, ಯಾರಾದರೂ ಹೊಡೆದರೇ ಎಂದು ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಮ್ಯಾಕ್ರೋ ಎಂದರೇನು ಎಂದು ವಿವರಿಸಲು ಹೊರಡುತ್ತೇನೆ. ಅಷ್ಟರಲ್ಲಿ ಲೀಲಾ ತೊಟ್ಟಿಲು ತೂಗುತ್ತಲೇ ಹೇಳಿಬಿಡುತ್ತಾಳೆ.

"ಏನಿಲ್ರಿ, ನಮ್ಮಪ್ಪ ತೊಟ್ಟಿಲ ಚೆಕ್ ಮಾಡ್ಯಾರ."